ನೇಲ್ ಪಾಲಿಶ್ ಚುಕ್ಕೆ ಕದಲಿರಲಿಲ್ಲ

ಬೈಕನ್ನು ಸರ್ವಿಸ್‌ಗೆ ಬಿಡುವ ಮುಂಚೆ ಅದರ ಆಯಿಲ್ ಫಿಲ್ಟರ್ ಮುಚ್ಚಳದ ಬೋಲ್ಟ್‌ಗಳ ಮೇಲೆ ನನ್ನ ಹೆಂಡತಿಯ ಕೆಂಪು ನೇಲ್ ಪಾಲಿಶ್‌ನಿಂದ ಒಂದೊಂದು ಚುಕ್ಕೆ ಇಟ್ಟಿದ್ದೆ. ಅರ್ಧ ಬೋಲ್ಟಿನ ಮೇಲೆ, ಅರ್ಧ ಮುಚ್ಚಳದ ಮೇಲೆ. ಬೋಲ್ಟ್ ಒಂದು ಚೂರು ತಿರುಗಿದರೂ ಚುಕ್ಕೆ ಎರಡಾಗಬೇಕು. ಗಾಡಿ ಸರ್ವಿಸ್ ಆಗಿ ಬಂತು. ಬಿಲ್‌ನಲ್ಲಿ ಹೊಸ ಫಿಲ್ಟರ್‌ಗೆ ದುಡ್ಡು ಹಾಕಿದ್ದರು. ಚುಕ್ಕೆಗಳು ಮಾತ್ರ ಇಟ್ಟ ಹಾಗೇ ಇದ್ದವು.

ಜೊತೆಗೆ ಆಯಿಲ್ ಜಾಸ್ತಿ ತುಂಬಿದ್ದರು. ಎಂಜಿನ್‌ನ ಬಲಗಡೆ ಇರುವ ಪುಟ್ಟ ಗಾಜಿನ ಕಿಟಕಿ ಪೂರ್ತಿ ಮುಳುಗಿತ್ತು. ಆಯಿಲ್ ಕಡಿಮೆಯಾದರೆ ಎಂಜಿನ್ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಜಾಸ್ತಿಯಾದರೂ ತೊಂದರೆಯೇ. ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪ್ ಹಿಡಿದು ಮೇಲೆ ಹತ್ತಿ, ಏರ್ ಫಿಲ್ಟರ್ ಡಬ್ಬಿಯಲ್ಲಿ ಬಂದು ಕೂರುತ್ತದೆ. ನನ್ನದರಲ್ಲಿ ಆಗಿದ್ದೂ ಅದೇ. ಗಲಾಟೆ ಮಾಡಿ ಫಿಲ್ಟರ್ ದುಡ್ಡು ವಾಪಸ್ ತಗೊಂಡೆ. ಮುಂದಿನ ಸಲ ಆಯಿಲ್ ನಾನೇ ಬದಲಿಸೋದು ಅಂತ ಅವತ್ತೇ ತೀರ್ಮಾನಿಸಿದೆ. ವಾರಂಟಿ ಮುಗಿದಿತ್ತು, ಹಾಗಾಗಿ ಆ ಚಿಂತೆ ಇರಲಿಲ್ಲ.

ನನ್ನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. 2016ರಲ್ಲಿ ಬಂದ ಮಾಡೆಲ್. ಒಂದೇ ಸಿಲಿಂಡರ್, ಮುಂದುಗಡೆ ಒಂದು ಸಣ್ಣ ಆಯಿಲ್ ಕೂಲರ್. ಆಮೇಲೆ ಬಂದ 450ರದ್ದು ಬೇರೆಯೇ ಎಂಜಿನ್. ಅದು ಇರುವವರು ನನ್ನ ಅಳತೆ ನೆಚ್ಚಿಕೊಳ್ಳಬೇಡಿ, ನಿಮ್ಮ ಮ್ಯಾನ್ಯುವಲ್ ನೋಡಿ. ಮೈಸೂರಿನಿಂದ ಹೊರಟು ಮಡಿಕೇರಿ, ಬಿಸಿಲೆ, ಚಾರ್ಮಾಡಿ, ಕುದುರೆಮುಖ, ಆಗುಂಬೆ ಅಂತ ಸುತ್ತಿ ಬಂದ ವಾರವೇ ಕೆಲಸಕ್ಕೆ ಕೈ ಹಾಕಿದೆ. ಲಗೇಜ್ ಹೊತ್ತುಕೊಂಡು ಎರಡನೇ ಗೇರ್‌ನಲ್ಲಿ ಘಾಟಿ ಹತ್ತಿದ ಆಯಿಲ್ ಅದು. ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಅದೊಂದೇ. ಪಾಪ, ಎಷ್ಟು ಅಂತ ದುಡಿಯುತ್ತದೆ?

ಆಯಿಲ್ ತರುವಾಗ ಒಂದು ಎಡವಟ್ಟು ಸ್ವಲ್ಪದರಲ್ಲಿ ತಪ್ಪಿತು. ಮನೆಯಲ್ಲಿ ಹೆಂಡತಿಯ ಸ್ಕೂಟರಿಗೆ ತಂದ ಆಯಿಲ್ ಅರ್ಧ ಬಾಟಲಿ ಉಳಿದಿತ್ತು. ಅದನ್ನೂ ಸೇರಿಸಿಬಿಡೋಣ ಅಂದುಕೊಂಡಿದ್ದೆ. ಬಾಟಲಿಯ ಹಿಂದೆ ನೋಡಿದರೆ ದರ್ಜೆ ಜಾಸೋ ಎಂಬಿ ಅಂತ ಇತ್ತು. ಜಾಸೋ ಅಂದರೆ ಬೈಕು, ಸ್ಕೂಟರ್ ಆಯಿಲ್‌ಗಳನ್ನು ವಿಂಗಡಿಸುವ ಜಪಾನಿನ ಗುರುತು. ನನ್ನ ಗಾಡಿಗೆ ಬೇಕಿರುವುದು 15ಡಬ್ಲ್ಯೂ-50 ಅನ್ನುವ ಮಂದದ, ಜಾಸೋ ಎಂಎ ದರ್ಜೆಯ ಆಯಿಲ್. ಒಂದಕ್ಷರದ ವ್ಯತ್ಯಾಸ, ಆದರೆ ಕತೆಯೇ ಬೇರೆ. ಬೈಕಿನ ಕ್ಲಚ್ ಪ್ಲೇಟ್‌ಗಳು ಎಂಜಿನ್ ಆಯಿಲ್‌ನಲ್ಲೇ ನೆನೆದಿರುತ್ತವೆ, ನೆನೆದುಕೊಂಡೇ ಒಂದನ್ನೊಂದು ಹಿಡಿಯಬೇಕು. ಎಂಬಿ ಆಯಿಲ್ ಎಂಎಗಿಂತ ಜಾರು. ಸ್ಕೂಟರಿನ ಕ್ಲಚ್ ಒಣ ಜಾಗದಲ್ಲಿ ಇರುವುದರಿಂದ ಅಲ್ಲಿ ಜಾರಿದರೆ ಒಳ್ಳೆಯದೇ. ಬೈಕಿಗೆ ಹಾಕಿದರೆ ಕ್ಲಚ್ ಸ್ಲಿಪ್ ಆಗಬಹುದು. ಕಾರಿನ ಆಯಿಲ್ ಸುರಿಯಬೇಡಿ ಅನ್ನುವುದೂ ಇದೇ ಕಾರಣಕ್ಕೆ.

ಭಾನುವಾರ ಬೆಳಿಗ್ಗೆ ರಿಂಗ್ ರೋಡಿನಲ್ಲಿ ಹತ್ತು ನಿಮಿಷ ಓಡಿಸಿ ಬಂದೆ. ಆಯಿಲ್ ಬೆಚ್ಚಗಿದ್ದರೆ ತೆಳ್ಳಗಾಗಿ ಚೆನ್ನಾಗಿ ಇಳಿಯುತ್ತದೆ, ತಳದಲ್ಲಿ ಕೂತ ಕೊಳೆಯನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ. ಹಾಗಂತ ಕುದಿಯುವಾಗಲೇ ಬಿಚ್ಚಿದರೆ ಕೈ ಸುಡುವುದು ಗ್ಯಾರಂಟಿ. ಒಂದು ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟೆ. ಮನೆ ಮುಂದಿನ ಪೋರ್ಟಿಕೋದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ತಳಕ್ಕೆ ರಕ್ಷಣೆಗೆ ಇರುವ ಸಂಪ್ ಗಾರ್ಡ್ ತಗಡನ್ನು ಬಿಚ್ಚಿದೆ. ಅದರೊಳಗೆ ಘಟ್ಟದ ಅರ್ಧ ಕೆಸರು ಗಟ್ಟಿಯಾಗಿ ಕೂತಿತ್ತು. ಹಳೆ ಆಯಿಲ್ ಇಳಿಸಲು ತಳದಲ್ಲಿರುವ ಡ್ರೈನ್ ಬೋಲ್ಟ್ ಸುತ್ತ ಬ್ರಶ್ ಹಾಕಿ ತಿಕ್ಕಿ ಒರೆಸಿದೆ. ಅಲ್ಲಿನ ಮಣ್ಣು ಎಂಜಿನ್ ಒಳಗೆ ಹೋಗಬಾರದು ನೋಡಿ.

ಅಡುಗೆ ಎಣ್ಣೆಯ 5 ಲೀಟರ್ ಕ್ಯಾನಿನ ಒಂದು ಬದಿ ಕತ್ತರಿಸಿ ಟ್ರೇ ಮಾಡಿಕೊಂಡಿದ್ದೆ. ಅದನ್ನು ಬೋಲ್ಟಿನ ನೇರ ಕೆಳಗೆ ಇಟ್ಟೆ. ತಪ್ಪಾಗಿದ್ದು ಇಲ್ಲೇ. ಬೋಲ್ಟ್ ಕೈಗೆ ಬಂದ ಕೂಡಲೇ ಆಯಿಲ್ ನೆಟ್ಟಗೆ ಕೆಳಗೆ ಬೀಳಲಿಲ್ಲ. ನಲ್ಲಿ ಪೂರ್ತಿ ತಿರುಗಿಸಿದ ಹಾಗೆ ಬಾಗಿ, ಟ್ರೇ ದಾಟಿ, ಅಮ್ಮ ದಿನಾ ಒರೆಸುವ ರೆಡ್ ಆಕ್ಸೈಡ್ ನೆಲಕ್ಕೆ ಹಾರಿತು. ಟ್ರೇ ಎಳೆಯುವಷ್ಟರಲ್ಲಿ ಒಂದು ಲೋಟದಷ್ಟು ಹೋಗಿತ್ತು.

"ಏನೋ ಇದು, ಮನೆ ಬಾಗಿಲಲ್ಲೇ ಗ್ಯಾರೇಜ್ ಇಟ್ಕೊಂಡ್ಯಾ?" ಅಂತ ಅಮ್ಮ ಹೊರಗೆ ಬಂದರು. ಬೈಯುತ್ತಲೇ ಹಿತ್ತಲಿನ ಹಂಡೆ ಒಲೆಯಿಂದ ಒಂದು ಮೊರ ಬೂದಿ ತಂದು ಸುರಿದರು. ಬೂದಿ ಎಣ್ಣೆ ಹೀರಿಕೊಂಡಿತು. ಅರ್ಧ ಗಂಟೆ ಬಿಟ್ಟು ಗುಡಿಸಿ ಸೋಪಿನ ನೀರಲ್ಲಿ ಉಜ್ಜಿದೆ. ಕಲೆ ಮುಕ್ಕಾಲು ಪಾಲು ಹೋಯಿತು, ಉಳಿದಿದ್ದರ ಮೇಲೆ ಈಗ ತುಳಸಿ ಕುಂಡ ಕೂತಿದೆ. ಮೊದಲ ರಭಸಕ್ಕೆ ಟ್ರೇಯನ್ನು ಒಂದಷ್ಟು ಆಚೆಗೆ ಇಟ್ಟು, ಧಾರೆ ಸಣ್ಣದಾಗುತ್ತಾ ಬಂದ ಹಾಗೆ ಒಳಗೆ ಎಳೆಯಬೇಕು. ಕೆಳಗೆ ರಟ್ಟು ಹಾಸಿಕೊಳ್ಳಿ. ಕೈಗೆ ಗ್ಲೌಸ್ ಇರಲಿ. ಬಳಸಿದ ಆಯಿಲ್ ಚರ್ಮಕ್ಕೆ ಮೇಲಿಂದ ಮೇಲೆ ತಾಗುವುದು ಒಳ್ಳೆಯದಲ್ಲ.

ಆಯಿಲ್ ಕಪ್ಪಗಿತ್ತು. ಕಪ್ಪಾದ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ. ಮಸಿಯನ್ನು ತೊಳೆದು ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದೂ ಅದರ ಕೆಲಸವೇ. ಹಾಲು ಬೆರೆಸಿದ ಕಾಫಿ ಬಣ್ಣ ಕಂಡರೆ ಮಾತ್ರ ಹೆದರಬೇಕು, ನೀರು ಸೇರಿದೆ ಅಂತ ಅರ್ಥ. ಹಳೆ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಟ್ರೇಯಲ್ಲಿ ಆಡಿಸಿದೆ. ಕವರಿಗೆ ಬೂದು ಬಣ್ಣದ ನುಣ್ಣನೆ ಕಾಡಿಗೆಯಂಥದ್ದು ಮೆತ್ತಿಕೊಂಡಿತು. ಬೆರಳಲ್ಲಿ ಉಜ್ಜಿದರೆ ಹರಳು ಸಿಗಲಿಲ್ಲ. ಅಷ್ಟು ಸವೆತ ಸಹಜ. ಚೂರುಗಳು ಸಿಕ್ಕಿದ್ದರೆ ಹೊಸ ಆಯಿಲ್ ಹಾಕುವ ಮೊದಲು ಮೆಕ್ಯಾನಿಕ್‌ಗೆ ತೋರಿಸುತ್ತಿದ್ದೆ.

ಹನಿ ನಿಲ್ಲಲಿ ಅಂತ ಮುಕ್ಕಾಲು ಗಂಟೆ ಹಾಗೇ ಬಿಟ್ಟೆ. ಸರ್ವಿಸ್ ಸೆಂಟರಿನಲ್ಲಿ ಆಗದೇ ಇರುವುದು ಇದೇ, ಕಾಯುವುದು. ಹಿಂದೆ ಹತ್ತು ಗಾಡಿ ನಿಂತಿರುವಾಗ ಅವರಾದರೂ ಏನು ಮಾಡುತ್ತಾರೆ? ಆ ಹೊತ್ತಿನಲ್ಲಿ ಫಿಲ್ಟರ್ ಮುಚ್ಚಳ ಬಿಚ್ಚಿದೆ. ಹಳೆ ಫಿಲ್ಟರ್ ಹೇಗೆ ಕೂತಿದೆ ಅಂತ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಹೊಸದು ಅದೇ ದಿಕ್ಕಿಗೆ ಕೂರಬೇಕು. ಮುಚ್ಚಳದಿಂದ ಆಯಿಲ್ ಜಿನುಗದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಹೊಸದು ಹಾಕಿ, ಅದಕ್ಕೆ ಬೆರಳಲ್ಲಿ ಒಂದು ಹನಿ ಹೊಸ ಆಯಿಲ್ ಸವರಿದೆ. ಒಣಗಿದ ಓ-ರಿಂಗ್ ಮುಚ್ಚುವಾಗ ಮಡಚಿಕೊಂಡರೆ ಅಲ್ಲಿಂದಲೇ ಜಿನುಗುತ್ತದೆ.

ಡ್ರೈನ್ ಬೋಲ್ಟನ್ನು ಮೊದಲು ಬರೀ ಬೆರಳಲ್ಲಿ ತಿರುಗಿಸಿದೆ. ಬೆರಳಲ್ಲಿ ಸಲೀಸಾಗಿ ಹೋಗದಿದ್ದರೆ ಥ್ರೆಡ್ ಅಡ್ಡ ಹಿಡಿದಿದೆ ಅಂತ. ಬೋಲ್ಟ್ ಉಕ್ಕಿನದು, ಎಂಜಿನ್ ತಳ ಅಲ್ಯೂಮಿನಿಯಂ. ಬಲ ತೋರಿಸಿದರೆ ಸೋಲುವುದು ಎಂಜಿನ್ನೇ. ಥ್ರೆಡ್ ಹೋಯಿತೆಂದರೆ ನೂರರಲ್ಲಿ ಮುಗಿಯುವ ಕೆಲಸ ಸಾವಿರಗಟ್ಟಲೆಗೆ ಹೋಗುತ್ತದೆ. ಎಷ್ಟು ಬಿಗಿಯಾಯಿತು ಅಂತ ಅಳೆದು ಹೇಳುವ ಟಾರ್ಕ್ ಸ್ಪ್ಯಾನರ್ ಇದ್ದರೆ ಮ್ಯಾನ್ಯುವಲ್‌ನಲ್ಲಿರುವ ಲೆಕ್ಕಕ್ಕೆ ಬಿಗಿ ಮಾಡಿ. ನನ್ನ ಹತ್ತಿರ ಇರಲಿಲ್ಲ. ಸಣ್ಣ ಸ್ಪ್ಯಾನರನ್ನು ಬೋಲ್ಟಿನ ಹತ್ತಿರವೇ ಹಿಡಿದು, ಮಣಿಕಟ್ಟಿನ ಬಲದಲ್ಲಷ್ಟೇ ತಿರುಗಿಸಿದೆ. ಉದ್ದ ಹಿಡಿಯ ಸ್ಪ್ಯಾನರ್ ಇದ್ದರೆ ಕೈಗೆ ಅಂದಾಜೇ ಸಿಗುವುದಿಲ್ಲ.

ತುಂಬುವಾಗ ಒಂದೇ ಸಲಕ್ಕೆ ಸುರಿಯಲಿಲ್ಲ. ಮೊದಲು ಒಂದೂವರೆ ಲೀಟರ್. ಎಷ್ಟೇ ಕಾದರೂ ಕೂಲರ್, ಪೈಪುಗಳಲ್ಲಿ ಹಳೆಯದು ಒಂದಿಷ್ಟು ನಿಂತಿರುತ್ತದೆ. ಹಾಗಾಗಿ ಖಾಲಿ ಎಂಜಿನ್ನಿನ ಅಳತೆ ನೋಡಿ ಸುರಿದರೆ ಜಾಸ್ತಿಯಾಗುತ್ತದೆ. ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದೆ. ಕಿಟಕಿಯಲ್ಲಿ ಮಟ್ಟ ಇಳಿದಿತ್ತು. ಹೊಸ ಫಿಲ್ಟರ್ ತನ್ನ ಪಾಲು ಕುಡಿದಿತ್ತಲ್ಲ! ಹತ್ತು ನಿಮಿಷ ಬಿಟ್ಟು ಸ್ವಲ್ಪ, ಮತ್ತೆ ನೋಡಿ ಸ್ವಲ್ಪ. ಗಾಡಿ ಸಮತಟ್ಟಾಗಿ ಸೆಂಟರ್ ಸ್ಟ್ಯಾಂಡಿನಲ್ಲೇ ಇರಬೇಕು, ಸೈಡ್ ಸ್ಟ್ಯಾಂಡಿನಲ್ಲಿ ವಾಲಿಸಿ ನೋಡಿದರೆ ಕಿಟಕಿ ಸುಳ್ಳು ಹೇಳುತ್ತದೆ. ಕೊನೆಗೆ ಎರಡು ಗೆರೆಗಳ ನಡುವೆ, ಮೇಲಿನದಕ್ಕೆ ಕೊಂಚ ಕೆಳಗೆ ನಿಂತಿತು.

ರಾತ್ರಿ ಗಾಡಿ ಕೆಳಗೆ ಹೊಸ ರಟ್ಟು ಹಾಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಎಂಟಾಣೆ ಅಗಲದ ಕಲೆ. ಡ್ರೈನ್ ಬೋಲ್ಟಿನದೇ. ಇನ್ನೊಂದು ಸುತ್ತು ಬಿಗಿ ಮಾಡಲು ಕೈ ತುರಿಸಿತು, ತಡೆದುಕೊಂಡೆ. ತಪ್ಪು ನನಗೆ ಗೊತ್ತಿತ್ತು. ಬೋಲ್ಟಿನ ವಾಷರ್ ಚೆನ್ನಾಗೇ ಕಾಣ್ತಿದೆ ಅಂತ ಹಳೆಯದನ್ನೇ ಹಾಕಿದ್ದೆ. ಆ ವಾಷರ್ ಒಮ್ಮೆ ನಜ್ಜಿ ಮುದ್ರೆ ಹಿಡಿಯುವುದಕ್ಕೆ ಇರುವುದು, ಎರಡನೇ ಸಲ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಚಿಲ್ಲರೆ ದುಡ್ಡಿನ ವಾಷರ್‌ಗಾಗಿ ಹೊಸ ಆಯಿಲ್ಲನ್ನು ಮತ್ತೆ ತೊಳೆದ ಪಾತ್ರೆಗೆ ಇಳಿಸಿ, ಮತ್ತೆ ಕಾದು, ಮತ್ತೆ ತುಂಬಿದೆ.

ಹಳೆ ಆಯಿಲ್ ಮೇಲೆ ಅಪ್ಪನಿಗೆ ಕಣ್ಣಿತ್ತು, ಗೇಟಿನ ಮರಕ್ಕೆ ಗೆದ್ದಲು ಹತ್ತದ ಹಾಗೆ ಬಳಿಯಲು. ಕೊಡಲಿಲ್ಲ. ಮಳೆಗೆ ತೊಳೆದು ಅದು ಬಾವಿ ಕಡೆಗೇ ಹೋಗುವುದು. ಬಾಟಲಿಗೆ ಹಾಕಿ ರಸ್ತೆ ತುದಿಯ ಗ್ಯಾರೇಜಿನ ಡ್ರಮ್ಮಿಗೆ ಸುರಿದು ಬಂದೆ, ಅಲ್ಲಿಂದ ರೀಸೈಕ್ಲಿಂಗ್‌ನವರು ಒಯ್ಯುತ್ತಾರೆ. ಹೊಸ ಆಯಿಲ್‌ನ ಖಾಲಿ ಕ್ಯಾನಿಗೆ ತೂತು ಹೊಡೆದು ಗುಜರಿಗೆ ಹಾಕಿದೆ. ಇಲ್ಲದಿದ್ದರೆ ಅದರಲ್ಲೇ ನಕಲಿ ತುಂಬಿ ಮಾರುವವರಿದ್ದಾರೆ.

ಮಂಗಳವಾರ ಬೆಳಿಗ್ಗೆ ರಟ್ಟು ಒಣಗಿತ್ತು. ಹೆಂಡತಿಯ ಹತ್ತಿರ ಮತ್ತೆ ನೇಲ್ ಪಾಲಿಶ್ ಕೇಳಿದೆ.

"ಈ ಸಲ ನೀವೇ ತಾನೇ ಬಿಚ್ಚಿ ಹಾಕಿದ್ದು? ಇನ್ಯಾರ ಮೇಲೆ ಅನುಮಾನ?"

"ನನ್ನ ಮೇಲೇ" ಅಂದೆ. ದೂರ ಓಡಿಸಿದಾಗ ನಾನು ಹಾಕಿದ ಬೋಲ್ಟ್ ಅದುರಿ ಸಡಿಲವಾದರೆ ಮೊದಲು ಹೇಳುವುದು ಆ ಚುಕ್ಕೆಯೇ. ಡ್ರೈನ್ ಬೋಲ್ಟಿಗೂ ಒಂದು ಇಟ್ಟೆ.