ಕೈ ಎತ್ತಿದ ಲೋರಿಸ್ ಮತ್ತು ನನ್ನ ಫೀಡ್

ಕಚಗುಳಿ ಇಟ್ಟರೆ ಎರಡೂ ಕೈ ಮೇಲೆತ್ತಿ ಕೂರುವ ಸ್ಲೋ ಲೋರಿಸ್‌ನ ವಿಡಿಯೊವನ್ನು ಒಂದು ಕಾಲದಲ್ಲಿ ಕಂಡಕಂಡವರಿಗೆಲ್ಲ ಕಳಿಸಿದವಳು ನಾನು. ಕಾಡುಪಾಪದ ದಾಯಾದಿ ಅದು, ಬಟ್ಟಲುಗಣ್ಣು, ಮುದ್ದು ಮುಖ. ಅದರ ಮೊಣಕೈ ಹತ್ತಿರ ಒಂದು ಗ್ರಂಥಿಯಿದೆ, ಅಲ್ಲಿನ ದ್ರವ ಎಂಜಲಿಗೆ ಸೇರಿದರೆ ವಿಷ ಎಂದು ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಕೈ ಎತ್ತಿದರೆ ಗ್ರಂಥಿ ಬಾಯಿಗೆ ಎಟುಕುತ್ತದೆ. ಅದು ಹೆದರಿ ಕಚ್ಚಲು ಸಜ್ಜಾಗುತ್ತಿತ್ತು, ನಾನು ಇಲ್ಲಿ ಹೃದಯ ಒತ್ತುತ್ತಿದ್ದೆ! ಆ ವಿಡಿಯೊದ ಕೆಳಗಿನ ಕಾಮೆಂಟುಗಳನ್ನೇ ಸಂಶೋಧಕರು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ನನಗೂ ಒಂದು ಬೇಕು ಎಂದು ಎಷ್ಟೋ ಜನ ಬರೆದಿದ್ದರಂತೆ.

ಹಾಗಾಗಿ ಸಾಮಾಜಿಕ ಜಾಲತಾಣದಲ್ಲೇ ಕಾಡುಪ್ರಾಣಿಗಳ ಬಗ್ಗೆ ನಿಜ ತಿಳಿಯಬೇಕೆಂದರೆ ಮೊದಲ ಕೆಲಸ, ಫೀಡ್ ಗುಡಿಸುವುದು. ಕಾಡುಪ್ರಾಣಿಗೆ ಅಂಗಿ ತೊಡಿಸಿದ್ದು, ಹೆಬ್ಬಾವಿನ ಬಾಯಿಂದ ಮರಿ ‘ರಕ್ಷಿಸಿದ್ದು’ ಕಂಡರೆ ಮೂಲೆಯ ಮೂರು ಚುಕ್ಕಿ ಒತ್ತಿ ‘ಆಸಕ್ತಿ ಇಲ್ಲ’ ಎನ್ನಿ, ರಿಪೋರ್ಟ್ ಮಾಡಿ. ಬೈದು ಕಾಮೆಂಟ್ ಹಾಕಬೇಡಿ. ನಿಮ್ಮ ಸಿಟ್ಟನ್ನೂ ಆಲ್ಗರಿದಮ್ ಆಸಕ್ತಿ ಎಂದೇ ಲೆಕ್ಕ ಹಾಕುತ್ತದೆ.

ಆಮೇಲೆ ಒಂದೇ ಒಂದು ಪ್ರಾಣಿ ಆರಿಸಿಕೊಳ್ಳಿ. ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರವಿದೆ ಎಂದು ಹೇಳುವ ಐಯುಸಿಎನ್ ಕೆಂಪುಪಟ್ಟಿಯ ತಾಣದಲ್ಲಿ ಅದರ ವೈಜ್ಞಾನಿಕ ಹೆಸರು ಸಿಗುತ್ತದೆ. ಹಿಮಚಿರತೆಯಾದರೆ ಪ್ಯಾಂಥೆರಾ ಅನ್ಸಿಯಾ. ಆ ಹೆಸರಿನಲ್ಲೇ ಹುಡುಕಿ, ಮುದ್ದು ಮಾರುವವರು ಅದನ್ನು ಬರೆಯುವುದು ಕಡಿಮೆ. ಸಿಕ್ಕವರಲ್ಲಿ ಯಾರನ್ನು ಹಿಂಬಾಲಿಸಬೇಕು? ನನ್ನ ಅಳತೆಗೋಲು ಸರಳ: ಲದ್ದಿಯ ಫೋಟೊ ಹಾಕುವವರನ್ನು. ನಗಬೇಡಿ. ಪ್ರಾಣಿ ಏನು ತಿಂದಿತು, ಎಷ್ಟು ಒತ್ತಡದಲ್ಲಿದೆ ಎಂಬುದರಿಂದ ಹಿಡಿದು ಡಿಎನ್‌ಎ ಮೂಲಕ ಇದು ಯಾವ ಪ್ರಾಣಿಯದ್ದು ಎಂಬವರೆಗೆ, ಅದನ್ನು ಮುಟ್ಟದೆಯೇ ಲದ್ದಿಯಿಂದ ತಿಳಿಯಬಹುದು. ಕ್ಷೇತ್ರದಲ್ಲಿ ನಿಜವಾಗಿ ದುಡಿಯುವವರ ಪುಟದಲ್ಲಿ ಅದು ಇದ್ದೇ ಇರುತ್ತದೆ.

ಯಾವ ಪೋಸ್ಟಿಗೂ ಎಲ್ಲಿ, ಯಾವಾಗ, ಯಾರು ತೆಗೆದದ್ದು ಎಂದು ಕೇಳಿ. 2020ರ ಮಾರ್ಚ್‌ನಲ್ಲಿ ವೆನಿಸ್ ಕಾಲುವೆಗೆ ಡಾಲ್ಫಿನ್ ಬಂತೆಂದು ಲೋಕವೆಲ್ಲ ಹಂಚಿದ ವಿಡಿಯೊ ಸಾರ್ಡಿನಿಯಾದ ಬಂದರಿನದ್ದು. ಸ್ಕ್ರೀನ್‌ಶಾಟ್ ತೆಗೆದು ಚಿತ್ರದಿಂದಲೇ ಹುಡುಕುವ ಗೂಗಲ್ ಲೆನ್ಸ್‌ಗೆ ಕೊಟ್ಟು ನೋಡುವುದಕ್ಕೆ ಅರ್ಧ ನಿಮಿಷ ಸಾಕು.

ಬರೀ ನೋಡಿ ಕಲಿತದ್ದಕ್ಕಿಂತ ನಾನೇ ಫೋಟೊ ಹಾಕಿ, ತಪ್ಪು ಮಾಡಿ ಕಲಿತದ್ದು ಹೆಚ್ಚು. ಕಂಡ ಜೀವಿಯ ಫೋಟೊ ಹಾಕಿದರೆ ಬೇರೆಯವರು ಗುರುತಿಸಿಕೊಡುವ ಐನ್ಯಾಚುರಲಿಸ್ಟ್ ತಾಣದಲ್ಲಿ ಗೋಡೆ ಮೇಲಿನ ಕಂದು ರೆಕ್ಕೆಯ ಹುಳವೊಂದರ ಫೋಟೊ ಹಾಕಿ ‘ಚಿಟ್ಟೆ’ ಎಂದು ಬರೆದಿದ್ದೆ. ಎಲ್ಲಿಯವರೋ ಒಬ್ಬರು, “ಕುಡಿಮೀಸೆ ಹಿಗ್ಗಿಸಿ ನೋಡಿ” ಎಂದರು. ಚಿಟ್ಟೆಯದಾದರೆ ತುದಿ ಬೆಂಕಿಕಡ್ಡಿಯ ತಲೆಯಂತೆ ಉಬ್ಬಿರುತ್ತದೆ, ಇದರದ್ದು ಗರಿಯಂತೆ ಕವಲೊಡೆದಿತ್ತು. ಪತಂಗ. ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಂದೇ ಪ್ರಭೇದ ಎಂದು ಒಪ್ಪಿದರೆ ಅದು ‘ರಿಸರ್ಚ್ ಗ್ರೇಡ್’ ಆಗಿ ಸಂಶೋಧಕರಿಗೂ ಒದಗುತ್ತದೆ. ಕ್ಯಾಮೆರಾ ಟ್ರ್ಯಾಪ್ ಚಿತ್ರ, ಅಂದರೆ ಕಾಡಿನಲ್ಲಿಟ್ಟ ಕ್ಯಾಮೆರಾ ಅಲುಗಾಟ ಕಂಡೊಡನೆ ತಾನೇ ತೆಗೆದದ್ದು, ನೋಡುವ ಹುಚ್ಚಿದ್ದರೆ ಸಂಶೋಧಕರಿಗೆ ಜನಸಾಮಾನ್ಯರು ನೆರವಾಗುವ ಝೂನಿವರ್ಸ್ ತಾಣ ಇದೆ. ಅರ್ಧದಷ್ಟು ಬರೀ ಅಲ್ಲಾಡುವ ಹುಲ್ಲು ಎನಿಸಬಹುದು, ತಾಳ್ಮೆ ಬೇಕು.

ಒಂದು ಎಚ್ಚರಿಕೆ. ಅಳಿವಿನಂಚಿನ ಜೀವಿಗಳ ಜಾಗವನ್ನು ಐನ್ಯಾಚುರಲಿಸ್ಟ್ ತಾನೇ ಮಸುಕು ಮಾಡುತ್ತದೆ, ಬೇರೆ ಕಡೆ ಆ ಕೆಲಸ ನಿಮ್ಮದು. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿ. ಗೂಡಿನ ಫೋಟೊವನ್ನಂತೂ ಹಾಕಲೇಬೇಡಿ, ಬೇಟೆಗಾರರೂ ಫೋನ್ ನೋಡುತ್ತಾರೆ.

ಸಂಶೋಧಕರನ್ನು ಕೇಳಲು ಹಿಂಜರಿಯಬೇಡಿ. ಆದರೆ ‘ಇದರ ಬಗ್ಗೆ ತಿಳಿಸಿ’ ಎಂದರೆ ಯಾರೂ ಉತ್ತರಿಸರು. ಅವರ ಪೋಸ್ಟ್ ಓದಿ, ಒಂದೇ ಪ್ರಶ್ನೆ ಕೇಳಿ. ಅವರ ಸಂಶೋಧನಾ ಪ್ರಬಂಧ ದುಡ್ಡಿನ ಬೀಗದ ಹಿಂದಿದ್ದರೆ ಲೇಖಕರಿಗೇ ಬರೆಯಿರಿ. ಜಾಡು ತಿಳಿಯಲು ಪ್ರಾಣಿಯ ಕುತ್ತಿಗೆಗೆ ಹಾಕುವ ಕಾಲರಿನ ಬ್ಯಾಟರಿ ಮುಗಿದರೆ ಏನು ಗತಿ ಎಂದು ನಾನೊಮ್ಮೆ ಕೇಳಿದ್ದೆ. ನಾಲ್ಕು ದಿನ ಸದ್ದಿಲ್ಲ. ಐದನೇ ದಿನ ಪಿಡಿಎಫ್ ಬಂತು, ಜೊತೆಗೆ ಒಂದು ಸಾಲು: “ಕ್ಷಮಿಸಿ, ಬೆಟ್ಟದಲ್ಲಿದ್ದೆ, ಸಿಗ್ನಲ್ ಇರಲಿಲ್ಲ. ಕಾಲರ್ ತಾನೇ ಕಳಚಿ ಬೀಳುವ ವ್ಯವಸ್ಥೆ ಇರುತ್ತದೆ, ಏಳನೇ ಪುಟ ನೋಡಿ.”