ತುರ್ತು ಚಿಕಿತ್ಸಾ ವಿಭಾಗದ ರೆಸಿಡೆಂಟ್ ವೈದ್ಯರು: ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರು ತಿಳಿದಿರಬೇಕಾದದ್ದು

ಈ ದೇಶಕ್ಕೆ ಬಂದ ಮೊದಲ ಕೆಲವು ವರ್ಷಗಳಲ್ಲಿ, ಮಗುವಿನ ಜ್ವರಕ್ಕೋ ಹಿರಿಯರ ಎದೆನೋವಿಗೋ, ನಡುರಾತ್ರಿಯಲ್ಲಿ ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಧಾವಿಸಬೇಕಾದ ಸಂದರ್ಭ ನಮ್ಮಲ್ಲಿ ಅನೇಕರಿಗೆ ಬರುತ್ತದೆ. ಅದು ಬೋಧನಾ ಆಸ್ಪತ್ರೆಯಾಗಿದ್ದರೆ ನಿಮ್ಮನ್ನು ಮೊದಲು ಮಾತನಾಡಿಸುವವರು ಬಹುಶಃ ಗುರುತಿನ ಚೀಟಿಯಲ್ಲಿ ‘ರೆಸಿಡೆಂಟ್’ ಎಂದಿರುವ ಒಬ್ಬ ಯುವ ವೈದ್ಯರು. ಅವರನ್ನು ವಿದ್ಯಾರ್ಥಿಯೆಂದು ಭಾವಿಸಿ, ‘ದೊಡ್ಡ ಡಾಕ್ಟರು ಬಂದ ಮೇಲೆ ಎಲ್ಲ ಹೇಳೋಣ’ ಎಂದು ಅರ್ಧ ವಿಷಯವನ್ನು ಮನಸ್ಸಿನಲ್ಲೇ ಉಳಿಸಿಕೊಳ್ಳುವವರನ್ನು ನಾನು ಹಲವು ಸಲ ಕಂಡಿದ್ದೇನೆ. ಅದು ಅಪಾಯಕಾರಿ ತಪ್ಪು. ಏಕೆಂದರೆ ಆ ದೊಡ್ಡ ಡಾಕ್ಟರು ನಿಮ್ಮ ಹಾಸಿಗೆಯ ಬಳಿಗೆ ಬರುವ ಮೊದಲೇ ನಿಮ್ಮ ಕಥೆಯನ್ನು ಇವರ ಬಾಯಿಂದ ಕೇಳಿರುತ್ತಾರೆ. ನಮ್ಮ ಮಗಳು ಇದೇ ತರಬೇತಿಯ ಕೊನೆಯ ವರ್ಷದಲ್ಲಿದ್ದಾಳೆ. ಆದ್ದರಿಂದ ಈ ವ್ಯವಸ್ಥೆಯನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ದೊರೆತಿದೆ.

ರೆಸಿಡೆಂಟ್ ಎಂದರೆ ವೈದ್ಯಕೀಯ ಪದವಿಯನ್ನು ಮುಗಿಸಿ, ಒಂದು ವಿಶೇಷ ವಿಭಾಗದಲ್ಲಿ ಪರಿಣತಿ ಪಡೆಯುತ್ತಿರುವ ವೈದ್ಯರು. ತುರ್ತು ಚಿಕಿತ್ಸೆಗೆಂದೇ ಪ್ರತ್ಯೇಕ ತರಬೇತಿ ಈ ದೇಶದಲ್ಲಿ ಮೊದಲು ಆರಂಭವಾದದ್ದು 1970ರಲ್ಲಿ, ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ. 1979ರಲ್ಲಿ ಅದಕ್ಕೆ ಸ್ವತಂತ್ರ ವೈದ್ಯಕೀಯ ವಿಭಾಗವೆಂಬ ಮಾನ್ಯತೆ ದೊರೆಯಿತು. ತರಬೇತಿಯ ಅವಧಿ ಬಹಳಷ್ಟು ಕಡೆ ಮೂರು ವರ್ಷ, ಕೆಲವು ಕಡೆ ನಾಲ್ಕು. ಸ್ಥಾನಗಳು ‘ಮ್ಯಾಚ್’ ಎಂಬ ರಾಷ್ಟ್ರೀಯ ಪ್ರಕ್ರಿಯೆಯ ಮೂಲಕ ಮಾರ್ಚ್ ತಿಂಗಳಲ್ಲಿ ಹಂಚಿಕೆಯಾಗುತ್ತವೆ. ಹೊಸ ತಂಡ ಸಾಮಾನ್ಯವಾಗಿ ಜುಲೈ ಆರಂಭದ ಹೊತ್ತಿಗೆ ಕೆಲಸಕ್ಕೆ ಸೇರುತ್ತದೆ.

ಮೊದಲ ವರ್ಷದವರನ್ನು ಇಂಟರ್ನ್ ಎನ್ನುತ್ತಾರೆ. ತುರ್ತು ವಿಭಾಗದ ಬಾಗಿಲಿಗೆ ಯಾವ ಕಾಯಿಲೆ ಬರುತ್ತದೆಂದು ಹೇಳಲಾಗದ ಕಾರಣ, ಇವರು ಅಲ್ಲಿ ದುಡಿಯುವುದರ ಜೊತೆಗೆ ಐಸಿಯು, ಅರಿವಳಿಕೆ, ಹೆರಿಗೆ, ಮಕ್ಕಳ ವಿಭಾಗ, ಅಪಘಾತ ಶಸ್ತ್ರಚಿಕಿತ್ಸೆ ಮುಂತಾದ ಕಡೆಗಳಲ್ಲಿಯೂ ಕೆಲವು ವಾರಗಳಷ್ಟು ಕೆಲಸ ಮಾಡಿ ಬರುತ್ತಾರೆ. ಆದರೆ ಈ ವರ್ಷದ ನಿಜವಾದ ಪಾಠವೆಂದರೆ ರೋಗಿಯ ಸ್ಥಿತಿಯನ್ನು ಮೇಲಿನವರಿಗೆ ಒಪ್ಪಿಸುವುದು. ಎದೆನೋವಿನ ರೋಗಿ ಬಂದರೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ಎಲ್ಲರೂ ಪಾಲಿಸಲು ಯತ್ನಿಸುವ ನಿಯಮ. ಇಂಟರ್ನ್ ರೋಗಿಯನ್ನು ಪರೀಕ್ಷಿಸಿದ ಮೇಲೆ ಆ ಪಾಳಿಯ ಹೊಣೆ ಹೊತ್ತ ಹಿರಿಯ ತಜ್ಞರ, ಅಂದರೆ ಅಟೆಂಡಿಂಗ್ ವೈದ್ಯರ, ಮುಂದೆ ನಿಂತು ಎರಡು ಮೂರು ನಿಮಿಷಗಳಲ್ಲಿ ಎಲ್ಲವನ್ನೂ ಹೇಳಬೇಕು: ನೋವು ಯಾವಾಗ ಆರಂಭವಾಯಿತು, ಎಲ್ಲಿಗೆ ಹರಡಿತು, ತಕ್ಷಣ ಜೀವ ತೆಗೆಯಬಲ್ಲ ಕಾರಣಗಳಲ್ಲಿ ಯಾವುದು ಸಾಧ್ಯ, ಯಾವುದನ್ನು ಯಾವ ಪರೀಕ್ಷೆಯಿಂದ ತಳ್ಳಿಹಾಕಬಹುದು. ಬೇರೆ ವಿಭಾಗಗಳಲ್ಲಿ ‘ಇದು ಏನಿರಬಹುದು’ ಎಂದು ಮೊದಲು ಕೇಳಿದರೆ, ಇಲ್ಲಿ ‘ಇದು ಏನಾಗಿದ್ದರೆ ಕೈಮೀರುತ್ತದೆ’ ಎಂದು ಮೊದಲು ಕೇಳುತ್ತಾರೆ. ನಿಮಗೆ ಅಸಂಬದ್ಧವೆನಿಸುವ ಪ್ರಶ್ನೆಗಳು ಹುಟ್ಟುವುದು ಇಲ್ಲಿಂದಲೇ.

ಎರಡನೆಯ ವರ್ಷದಲ್ಲಿ ಕೈಕೆಲಸದ ಭಾರ ಹೆಚ್ಚುತ್ತದೆ. ಇಷ್ಟು ಬಾರಿಯಾದರೂ ಮಾಡಿರಲೇಬೇಕೆಂದು ತರಬೇತಿಗೆ ಮಾನ್ಯತೆ ನೀಡುವ ಮಂಡಳಿ ಗೊತ್ತುಮಾಡಿದ ಪಟ್ಟಿಯೊಂದು ಬಹಳ ಕಾಲದಿಂದ ಬಳಕೆಯಲ್ಲಿದೆ: ಉಸಿರಾಟದ ಕೊಳವೆ ಹಾಕುವುದು 35, ಎದೆಗೂಡಿಗೆ ಕೊಳವೆ ಹಾಕುವುದು 10, ಬೆನ್ನುಹುರಿಯ ದ್ರವ ತೆಗೆಯುವುದು 15, ಹೆರಿಗೆ 10, ಹಾಸಿಗೆಯ ಪಕ್ಕದಲ್ಲೇ ಮಾಡುವ ಅಲ್ಟ್ರಾಸೌಂಡ್ 150, ಹೀಗೆ. ಅಪರೂಪಕ್ಕೆ ಬೇಕಾಗುವ ಕೆಲವನ್ನು ಮನುಷ್ಯಾಕೃತಿಯ ಮಾದರಿಗಳ ಮೇಲೆ ಅಭ್ಯಾಸ ಮಾಡಿಸುತ್ತಾರೆ. ಮಗಳು ತನ್ನ ಮೊದಲ ಉಸಿರಾಟದ ಕೊಳವೆಯ ಬಗ್ಗೆ ಹೇಳಿದ್ದು ನನಗೆ ಮರೆಯದು. ಅಟೆಂಡಿಂಗ್ ಅವಳ ಭುಜಕ್ಕೆ ಭುಜ ತಾಗುವಂತೆ ನಿಂತು, ಪರದೆಯಲ್ಲಿ ಕಾಣುವ ಗಂಟಲನ್ನೇ ನೋಡುತ್ತ, ‘ಸ್ವಲ್ಪ ಮೇಲಕ್ಕೆ, ಈಗ ಕಾಣಿಸಿತೇ?’ ಎಂದು ಮೆಲ್ಲಗೆ ಕೇಳುತ್ತಿದ್ದರಂತೆ. ನರ್ಸ್ ರಕ್ತದ ಆಮ್ಲಜನಕದ ಅಂಕಿಯನ್ನು ಗಟ್ಟಿಯಾಗಿ ಓದುತ್ತಿದ್ದರಂತೆ. ಅದು ಇಳಿಯತೊಡಗಿದ್ದರೆ ಅಟೆಂಡಿಂಗ್ ತಾವೇ ಕೈ ಹಾಕುತ್ತಿದ್ದರು. ಕಲಿಯುವವರ ಕೈಗೆ ರೋಗಿಯನ್ನು ಒಪ್ಪಿಸಿಬಿಡುತ್ತಾರೆಂಬ ಭಯವುಳ್ಳವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ.

ಕೊನೆಯ ವರ್ಷದಲ್ಲಿ ಒಬ್ಬ ರೋಗಿಯನ್ನಲ್ಲ, ಇಡೀ ವಿಭಾಗವನ್ನು ನಡೆಸಲು ಕಲಿಯುತ್ತಾರೆ. ಆಂಬುಲೆನ್ಸಿನಿಂದ ಬಂದ ಕರೆಗೆ ಉತ್ತರಿಸುವುದು, ಯಾರನ್ನು ಮೊದಲು ನೋಡಬೇಕೆಂದು ನಿರ್ಧರಿಸುವುದು, ಇಂಟರ್ನ್‌ಗಳಿಗೆ ಕಲಿಸುವುದು, ಸಾವಿನ ಸುದ್ದಿಯನ್ನು ಮನೆಯವರಿಗೆ ತಿಳಿಸುವುದು ಎಲ್ಲವೂ ಇದರಲ್ಲಿ ಸೇರಿದೆ. ಆಗಲೂ ಅಂತಿಮ ಹೊಣೆ ಅಟೆಂಡಿಂಗ್ ವೈದ್ಯರದೇ.

ನಿಮ್ಮ ಮನೆಯವರೇ ಈ ತರಬೇತಿಗೆ ಸೇರುವವರಿದ್ದರೆ ಒಂದೆರಡು ಮಾತು. ತುರ್ತು ವಿಭಾಗದಲ್ಲಿ ಒಂದು ಪಾಳಿ 12 ಗಂಟೆ ಮೀರುವಂತಿಲ್ಲ. ಎಲ್ಲ ವಿಭಾಗಗಳಿಗೂ ಅನ್ವಯಿಸುವ ವಾರಕ್ಕೆ 80 ಗಂಟೆಗಳ ಸರಾಸರಿ ಮಿತಿ 2003ರಿಂದ ಇದೆ. ಆದರೆ ಹಗಲು, ಸಂಜೆ, ರಾತ್ರಿ ಪಾಳಿಗಳು ಒಂದೇ ವಾರದಲ್ಲಿ ಬೆರೆತು ಬರುವುದರಿಂದ ನಿದ್ರೆಯೇ ದೊಡ್ಡ ಸಮಸ್ಯೆ. ಹಗಲಿನಲ್ಲಿ ಅವರು ಮಲಗಿರುವ ಕೋಣೆಗೆ ದಪ್ಪ ಪರದೆ ಹಾಕಿ, ಫೋನು ಮಾಡದಿರುವುದೇ ನೀವು ಮಾಡಬಹುದಾದ ದೊಡ್ಡ ಉಪಕಾರ. ಇದರ ನಡುವೆ ವಾರವಾರದ ಪಾಠಗಳೂ ಪ್ರತಿ ಫೆಬ್ರವರಿಯ ಪರೀಕ್ಷೆಯೂ ಇರುತ್ತವೆ. ಭಾರತದಲ್ಲಿ ಎಂಬಿಬಿಎಸ್ ಮುಗಿಸಿ ಬಂದವರು ಅರ್ಜಿ ಹಾಕುವ ಮೊದಲು ಅಮೆರಿಕದ ಯಾವುದಾದರೂ ತುರ್ತು ವಿಭಾಗದಲ್ಲಿ ಕೆಲಸ ಮಾಡಿ, ಅಲ್ಲಿನ ತಜ್ಞರಿಂದ ನಿಗದಿತ ನಮೂನೆಯ ಮೌಲ್ಯಮಾಪನ ಪತ್ರ ಪಡೆಯಲು ಪ್ರಯತ್ನಿಸಬೇಕು. ಆಯ್ಕೆ ಮಾಡುವವರು ಅದಕ್ಕೆ ಬಹಳ ತೂಕ ಕೊಡುತ್ತಾರೆ.

ಇನ್ನು ರೋಗಿಯಾಗಿ ಹೋದಾಗ. ನರ್ಸ್, ಇಂಟರ್ನ್, ಹಿರಿಯ ರೆಸಿಡೆಂಟ್, ಅಟೆಂಡಿಂಗ್ ನಾಲ್ವರೂ ಅದೇ ಪ್ರಶ್ನೆ ಕೇಳಿದರೆ ಬೇಸರಿಸದೆ ನಾಲ್ಕು ಸಲವೂ ಪೂರ್ತಿ ಹೇಳಿ; ಮೊದಲ ಸಲ ಮರೆತ ಮುಖ್ಯ ಸಂಗತಿ ಮೂರನೆಯ ಸಲಕ್ಕೆ ನೆನಪಾಗುವುದುಂಟು. ಸೇವಿಸುತ್ತಿರುವ ಆಯುರ್ವೇದ ಔಷಧಿಗಳ ಹೆಸರನ್ನೂ ಮುಚ್ಚಿಡಬೇಡಿ. ಹಿರಿಯರಿಗೆ ಇಂಗ್ಲಿಷ್ ಬಾರದಿದ್ದರೆ ಕನ್ನಡ ದುಭಾಷಿ ಬೇಕೆಂದು ಕೇಳಿ. ಆಸ್ಪತ್ರೆ ಅದನ್ನು ಉಚಿತವಾಗಿ, ಹೆಚ್ಚಾಗಿ ಫೋನಿನ ಮೂಲಕ, ಒದಗಿಸುತ್ತದೆ. ಅಟೆಂಡಿಂಗ್ ವೈದ್ಯರು ಇನ್ನೂ ಬಂದಿಲ್ಲವೆನಿಸಿದರೆ ಅವರು ಯಾವಾಗ ನೋಡುತ್ತಾರೆಂದು ರೆಸಿಡೆಂಟರನ್ನೇ ವಿನಯದಿಂದ ಕೇಳಬಹುದು. ಅವರು ಅದನ್ನು ಅವಮಾನವೆಂದು ತಿಳಿಯುವುದಿಲ್ಲ. ಪಾಳಿ ಬದಲಾಗುವ ಹೊತ್ತಿನಲ್ಲಿ ಮಾತ್ರ ವಿಶೇಷ ಎಚ್ಚರವಿರಲಿ. ನಿಮ್ಮನ್ನು ನೋಡುತ್ತಿದ್ದವರು ಮನೆಗೆ ಹೊರಟು ಹೊಸಬರು ಬಂದಾಗ, ಯಾವ ಪರೀಕ್ಷೆಯ ಫಲಿತಾಂಶ ಇನ್ನೂ ಬರಬೇಕಿದೆ, ಹಿಂದಿನವರು ಏನು ಮಾಡುವುದಾಗಿ ಹೇಳಿದ್ದರು ಎಂಬುದನ್ನು ನೀವಾಗಿಯೇ ಅವರಿಗೆ ಒಮ್ಮೆ ಹೇಳಿಬಿಡಿ.