ಬುದ್ಧಿಹಲ್ಲು ತೆಗೆಸಿದ ದಿನ ನೋವನ್ನು ನಿಭಾಯಿಸುವ ಬಗೆ

ಬುದ್ಧಿಹಲ್ಲನ್ನು ಶಸ್ತ್ರಕ್ರಿಯೆಯಿಂದ ತೆಗೆಸಿಕೊಂಡವರಿಗೆ ನಿಜವಾದ ನೋವು ಶುರುವಾಗುವುದು ದಂತವೈದ್ಯರ ಕುರ್ಚಿಯಲ್ಲಲ್ಲ, ಮನೆಗೆ ಬಂದು ತುಟಿಯ ಮರಗಟ್ಟುವಿಕೆ ಇಳಿದ ಮೇಲೆ. ಮೊದಲ ಹನ್ನೆರಡು ಗಂಟೆಗಳೇ ಹೆಚ್ಚು ಕಠಿಣವಾದ್ದರಿಂದ, ಆ ಹೊತ್ತನ್ನು ಹೇಗೆ ಕಳೆಯಬೇಕೆಂಬುದನ್ನು ಹಲ್ಲು ತೆಗೆಯುವ ಮೊದಲೇ ವೈದ್ಯರೊಂದಿಗೆ ಮಾತಾಡಿಕೊಳ್ಳಬೇಕು.

ಹಲ್ಲು ತೆಗೆಯುವ ಮುನ್ನ ಆ ಜಾಗವನ್ನು ಮರಗಟ್ಟಿಸಲು ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ ಚುಚ್ಚುಮದ್ದು ಅಡ್ರಿನಲಿನ್ ಬೆರೆತ 2% ಲಿಗ್ನೊಕೇಯ್ನ್. ಅಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸಿ ಔಷಧವನ್ನು ಅಲ್ಲಿಯೇ ಹಿಡಿದಿಡುತ್ತದೆ, ರಕ್ತಸ್ರಾವವನ್ನೂ ತಗ್ಗಿಸುತ್ತದೆ. ಇದು ಕೆಲವೇ ನಿಮಿಷಗಳಲ್ಲಿ ಹಿಡಿಯುತ್ತದೆ. ಕೆಳದವಡೆಯ ನರಕ್ಕೆ ಕೊಟ್ಟರೆ ತುಟಿ ಸುಮಾರು 3ರಿಂದ 5 ಗಂಟೆ ಮರಗಟ್ಟಿರುತ್ತದೆ. ಮರಗಟ್ಟಿಸುವ ಇನ್ನೊಂದು ಔಷಧವಾದ 0.5% ಬುಪಿವಕೇಯ್ನ್ ಹಿಡಿಯುವುದು ನಿಧಾನ, ಆದರೆ ಹಲವರಲ್ಲಿ 8 ಗಂಟೆಗೂ ಮೀರಿ ಉಳಿಯುತ್ತದೆ. ಹೀಗಾಗಿ ಕೆಲವು ವೈದ್ಯರು ಲಿಗ್ನೊಕೇಯ್ನ್‌ನಿಂದ ಆರಂಭಿಸಿ, ಕೊನೆಯಲ್ಲಿ ಬುಪಿವಕೇಯ್ನ್ ಕೊಟ್ಟು ಕಳುಹಿಸುತ್ತಾರೆ. ಎರಡರ ವಿಷಪರಿಣಾಮವೂ ಒಂದಕ್ಕೊಂದು ಕೂಡಿಕೊಳ್ಳುವುದರಿಂದ, ಒಟ್ಟು ಪ್ರಮಾಣವನ್ನು ದೇಹತೂಕಕ್ಕೆ ತಕ್ಕಂತೆ ವೈದ್ಯರೇ ಲೆಕ್ಕ ಹಾಕಬೇಕು. ಹೃದ್ರೋಗ, ಯಕೃತ್ತಿನ ತೊಂದರೆ, ಗರ್ಭ, ಹಿಂದಿನ ಅಲರ್ಜಿ, ಸೇವಿಸುತ್ತಿರುವ ಔಷಧಗಳು, ಇವುಗಳಲ್ಲಿ ಯಾವುದನ್ನೂ ಅವರಿಂದ ಮುಚ್ಚಿಡಬೇಡಿ. 12 ವರ್ಷದೊಳಗಿನ ಮಕ್ಕಳಿಗೆ ಬುಪಿವಕೇಯ್ನ್ ಸಲ್ಲದು. ಮರಗಟ್ಟಿದ ತುಟಿಯನ್ನು ಅವರು ಅರಿವಿಲ್ಲದೆ ಅಗಿದುಕೊಳ್ಳುತ್ತಾರೆ, ಮರುದಿನ ಅದು ಊದಿಕೊಂಡು ಬಿಳಿಯ ಹುಣ್ಣಾಗಿರುತ್ತದೆ.

ಮನೆಗೆ ಬಂದ ಮೇಲೆ ಗಡಿಯಾರವನ್ನು ನೋಡಿ ನಡೆಯಿರಿ. ನೋವು ಬಂದ ಮೇಲೆ ಮಾತ್ರೆ ನುಂಗಿದರೆ ಅದು ಕೆಲಸ ಮಾಡಲು ಅರ್ಧದಿಂದ ಒಂದು ಗಂಟೆ ಬೇಕು, ಆ ಒಂದು ಗಂಟೆಯೇ ಜನರನ್ನು ಹೈರಾಣಾಗಿಸುತ್ತದೆ. ಆದ್ದರಿಂದ ತುಟಿ ಜುಮ್ಮೆನ್ನುವ ಮೊದಲೇ, ಆರಿದ ಗಂಜಿಯನ್ನೋ ಮೊಸರನ್ನವನ್ನೋ ಇನ್ನೊಂದು ಬದಿಯಿಂದ ನಿಧಾನವಾಗಿ ತಿಂದು, ವೈದ್ಯರು ಬರೆದುಕೊಟ್ಟ ಮೊದಲ ಮಾತ್ರೆಯನ್ನು ತೆಗೆದುಕೊಳ್ಳಬೇಕು. ಆರೋಗ್ಯವಂತ ವಯಸ್ಕರಿಗೆ 400 ಮಿ.ಗ್ರಾಂ ಐಬುಪ್ರೊಫೆನ್ ಜೊತೆಗೆ 500 ಮಿ.ಗ್ರಾಂ ಪ್ಯಾರಾಸಿಟಮಾಲ್, ಯಾವುದಾದರೂ ಒಂದಕ್ಕಿಂತ ಚೆನ್ನಾಗಿ ನೋವನ್ನು ತಡೆಯುತ್ತದೆ. ಎಂಟು ಗಂಟೆಗೊಮ್ಮೆಯಂತೆ ಮೊದಲ ಎರಡು ದಿನ ತಪ್ಪದೆ ಸೇವಿಸುವುದು ಲೇಸು. ಜಠರದ ಹುಣ್ಣು, ಮೂತ್ರಪಿಂಡದ ಕಾಯಿಲೆ, ಆಸ್ತಮಾ ಇರುವವರು, ಗರ್ಭಿಣಿಯರು, ರಕ್ತ ತೆಳುಗೊಳಿಸುವ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಐಬುಪ್ರೊಫೆನ್ ಮುಟ್ಟಬಾರದು. ಎರಡೂ ಸೇರಿದ ಮಾತ್ರೆಗಳು ಅಂಗಡಿಯಲ್ಲಿ ಸಿಗುವುದರಿಂದ, ಅದರ ಮೇಲೆ ಮತ್ತೆ ಜ್ವರದ ಮಾತ್ರೆ ನುಂಗಿ ಪ್ರಮಾಣ ಮೀರದಂತೆ ಮಾತ್ರೆಪಟ್ಟಿಯ (ಸ್ಟ್ರಿಪ್) ಹಿಂಬದಿಯನ್ನು ಓದಿ. ಮಾತ್ರೆಯನ್ನು ಒಸಡಿನ ಮೇಲೆ ಇಟ್ಟುಕೊಳ್ಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಇನ್ನೂ ಇದೆ; ಆಸ್ಪಿರಿನ್ ಹಾಗೆ ಇಟ್ಟರೆ ಒಸಡು ಸುಟ್ಟುಹೋಗುತ್ತದೆ.

ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆನ್ನೆಗೆ ಬಿಟ್ಟುಬಿಟ್ಟು ಒತ್ತಿ. ಬಾಯಿ ಮುಕ್ಕಳಿಸಬೇಡಿ, ಸ್ಟ್ರಾ ಬಳಸಬೇಡಿ, ಬೀಡಿ ಸಿಗರೇಟು ಸೇದಬೇಡಿ. ಉಗುರುಬೆಚ್ಚಗಿನ ಉಪ್ಪುನೀರು 24 ಗಂಟೆಗಳ ನಂತರ. ಇಳಿಯುತ್ತಿದ್ದ ನೋವು ಮೂರನೆಯ ದಿನದ ಹೊತ್ತಿಗೆ ಮತ್ತೆ ಕೆರಳಿ ಕಿವಿಯವರೆಗೆ ಸೆಳೆದರೆ, ಬಾಯಲ್ಲಿ ದುರ್ವಾಸನೆ ಬಂದರೆ, ಕುಳಿಯ ರಕ್ತದ ಹೆಪ್ಪು ಕಳಚಿರಬಹುದು; ಮಾತ್ರೆ ಹೆಚ್ಚಿಸದೆ ವೈದ್ಯರ ಬಳಿಗೆ ಹೋಗಿ. ಮರುದಿನವೂ ತುಟಿಯೋ ನಾಲಿಗೆಯೋ ಮರಗಟ್ಟಿಯೇ ಇದ್ದರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ ಅಂದೇ ತಿಳಿಸಿ.